ಬಲಗಡೆ ಅತ್ತೆ, ಎಡಗಡೆ ನಾನು

ಬೆಳಿಗ್ಗೆ ಥರ್ಮಾಮೀಟರ್ ನೂರೊಂದು ತೋರಿಸಿತು. ಜ್ವರದ ಮಾತ್ರೆ ನುಂಗಿ, ಬೆವರು ಬರುವವರೆಗೆ ಕಾದು, ಮತ್ತೆ ನೋಡಿ ಆಸ್ಪತ್ರೆಯವರು ಕೊಟ್ಟ ಪುಸ್ತಕದಲ್ಲಿ ತೊಂಬತ್ತೆಂಟು ಎಂದು ಬರೆದೆ. ಹೀಗೆ ಕಳ್ಳಾಟ ಆಡುತ್ತಿರುವುದು ಇದು ಮೂರನೇ ದಿನ.

ನನ್ನ ಹೊಟ್ಟೆಯ ಬಲಗಡೆ ಇರುವುದು ಪಿಚ್ಚಮ್ಮಾಳ್ ಅತ್ತೆಯ ಕಿಡ್ನಿ. ಅಪ್ಪನ ತಂಗಿ ಅವಳು, ನನ್ನ ಹೆಂಡತಿ ಶೆಣ್ಬಗಂಳ ತಾಯಿ. ರಕ್ತ ಹೊಂದಿತು, ಕೊಟ್ಟಳು, ಆರು ವರ್ಷವಾಯಿತು. ಎಡಗಡೆ ಇರುವುದು ಹನ್ನೆರಡು ದಿನದ ಹಿಂದೆ ಕೂರಿಸಿದ ಪುಟ್ಟ ನೀರಿನ ಚೀಲ. ಅಲ್ಲಿಂದ ಸಣ್ಣ ಕೊಳವೆ ಇಳಿದು ಶಿಶ್ನದೊಳಗೆ ಹೋಗುತ್ತದೆ; ನೀರು ತುಂಬಿದರೆ ಅದು ನಿಮಿರುತ್ತದೆ. ಸಕ್ಕರೆ ಕಾಯಿಲೆ ನನ್ನ ಕಿಡ್ನಿಯ ಜೊತೆ ಗಂಡಸುತನವನ್ನೂ ತಿಂದಿತ್ತು. ಅತ್ತೆಯ ಹತ್ತಿರ ನನಗೆ ಹರ್ನಿಯಾ ಆಪರೇಷನ್ ಎಂದು ಹೇಳಿದ್ದೆ.

ಡಾಕ್ಟರ್ ಮೊದಲೇ ಎಚ್ಚರಿಸಿದ್ದರು: "ನಿಮ್ಮಂಥವರಿಗೂ ಸಾಮಾನ್ಯವಾಗಿ ಚೆನ್ನಾಗೇ ಆಗುತ್ತೆ. ಆದ್ರೆ ಕಿಡ್ನಿ ಉಳಿಸೋ ಮಾತ್ರೆ ಮೈಯ ಕಾವಲನ್ನೇ ಮಲಗಿಸಿರುತ್ತೆ. ಜ್ವರ ಬಂದ್ರೆ ಓಡಿ ಬನ್ನಿ. ಕೀವಾದ್ರೆ ಹಾಕಿದ್ದನ್ನೆಲ್ಲಾ ತೆಗೀಬೇಕಾಗುತ್ತೆ."

ತೆಗೆಯುತ್ತಾರೆಂಬ ಭಯಕ್ಕೇ ನಾನು ಓಡಿರಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದ ವರ್ಷಗಳು ಸಾಕಾಗಿದ್ದವು.

ಮಧ್ಯಾಹ್ನ ತೆಂಗಿನಹಾಲಿನ ಸೊದಿ, ಅನ್ನ ತಂದ ಅತ್ತೆ ನನ್ನ ಹಣೆ ಮುಟ್ಟಿದಳು. ದಿಂಬಿನಡಿ ಕೈ ಹಾಕಿ ಮಾತ್ರೆ ಎಳೆದಳು.

"ಲೇ ಇಸಕ್ಕಿ, ಇದ್ಯಾವ್ದೋ ಮಾತ್ರೆ? ಡಾಕ್ಟರ್ ಬರ್ಕೊಟ್ಟಿದ್ರಲ್ಲಿ ಇಲ್ವಲ್ಲ?"

"ತಲೆನೋವು ಅತ್ತೆ."

"ತೆಂಕಾಶಿ ಬಸ್ಸಿನ ಕಂಡಕ್ಟರ್ ನೀನು, ಟಿಕೆಟ್ ಇಲ್ದೋರ್ ಸುಳ್ಳು ದಿನಾ ಕೇಳ್ತೀಯ. ಒಂದಾದ್ರೂ ನೆಟ್ಟಗೆ ಕಲೀಬಾರ್ದಾ? ಏಳು, ಆಟೋ ಕರೀತೀನಿ."

ಆಸ್ಪತ್ರೆಯಲ್ಲಿ ಸ್ಕ್ಯಾನ್ ಕೋಣೆಯ ಹೊರಗೂ ಅವಳು ನಿಲ್ಲಲಿಲ್ಲ, ಒಳಗೇ ಬಂದಳು.

"ಎಷ್ಟು ದಿನದಿಂದ ಜ್ವರ?" ಡಾಕ್ಟರ್ ಕೇಳಿದರು.

"ಮೂರು," ಎಂದೆ.

ಅವರ ಮುಖ ಗಂಟಿಕ್ಕಿತು. "ಮೊದ್ಲು ಕಿಡ್ನಿ ನೋಡೋಣ."

"ಬೇಡ, ಎಡಗಡೆ ನೋಡಿ. ಅದು ಹೊಸದು," ಎಂದಳು ಅತ್ತೆ. "ನಂದು ಹಳೇ ಸರಕು, ಗಟ್ಟಿ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಅತ್ತೆ, ನಿಂಗೆ..."

"ಮಗಳು ತಾಯಿಗೆ ಹೇಳ್ದೆ ಇರ್ತಾಳೇನೋ, ಪೆದ್ದ? ಅವಳಿಗೊಬ್ಬ ಗಂಡ ಇರ್ಲಿ ಅಂತ ತಾನೇ ನಾನು ಕಿಡ್ನಿ ಕೊಟ್ಟಿದ್ದು?"

ಎಡಗಡೆ ನೋಡಿ ಡಾಕ್ಟರ್ "ಇಲ್ಲಿ ಕೀವಿಲ್ಲ" ಎಂದರು. ಉಸಿರು ಬಿಟ್ಟೆ. ಆಮೇಲೆ ಬಲಗಡೆಗೆ ಸರಿದರು. ಒಂದೇ ಜಾಗದಲ್ಲಿ ಒತ್ತಿ ಹಿಡಿದು, ಮತ್ತೆ ಮತ್ತೆ ಪರದೆ ನೋಡತೊಡಗಿದರು. ನನ್ನ ಮುಂಗೈ ಹಿಡಿದಿದ್ದ ಅತ್ತೆಯ ಉಗುರು ಚರ್ಮಕ್ಕೆ ಇಳಿಯಿತು. ಗಟ್ಟಿ ಎಂದವಳೇ ಪರದೆಯತ್ತ ಬಗ್ಗಿದಳು.

ನನ್ನದನ್ನು ಉಳಿಸಿಕೊಳ್ಳಲು ಮೂರು ದಿನ ಅವಳದನ್ನು ಪಣಕ್ಕಿಟ್ಟಿದ್ದೆ.