ಮಳೆಗೆ ಸಿಕ್ಕ ಸುಣ್ಣದ ಗಾಡಿ

ಗಾಡಿಯ ತುಂಬ ಕಲ್ಲು ಸುಡುವ ಗೂಡಿನಿಂದ ಆಗಷ್ಟೇ ತೆಗೆದ ಸುಟ್ಟ ಸುಣ್ಣ, ಮೇಲೊಂದು ಹರಕು ತಾಡಪಾಲು. ಗುಡ್ಡದಾಚೆಯ ಹೊಲಗಳ ಮಣ್ಣು ಹುಳಿ ಹಿಡಿದಿತ್ತು. ಸುಣ್ಣ ಚೆಲ್ಲದೆ ಅಲ್ಲಿ ಬಿತ್ತುವಂತಿರಲಿಲ್ಲ. ಗಂಡ ಜ್ವರದಿಂದ ಮಲಗಿದ್ದರಿಂದ ಸೊಸೆಯೇ ಎತ್ತು ಹೂಡಿದಳು. ಸೊಂಟ ಬಿದ್ದುಹೋಗಿದ್ದ ಮಾವ, ದಾರಿ ತೋರಿಸಲು ತಾವಿರಬೇಕೆಂದು ಹಟ ಹಿಡಿದು ಗಾಡಿಯ ಮುಂಭಾಗದಲ್ಲಿ ಮೂಟೆಯಂತೆ ಕೂತರು.

ಏರು ಹತ್ತುವಾಗ ಮೋಡ ಕವಿಯಿತು. ಅವಳು ಎತ್ತು ನಿಲ್ಲಿಸಿದಳು. ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಕುದಿಯುತ್ತದೆ, ಗಾಡಿಯ ಮರವನ್ನೇ ಹೊತ್ತಿಸುತ್ತದೆ.

"ಮಾವ, ತಿರುಗಿಸ್ಲಾ?"

"ಈ ಮೋಡಾನಾ? ಬರೀ ಗುಡುಗೋ ಜಾತಿ ಕಣಮ್ಮ, ನಿಮ್ಮತ್ತೆ ಥರ. ನಡಿ ನಡಿ."

ಅವಳಿಗೆ ನಗು ಬರಲಿಲ್ಲ. ಗುಡ್ಡದ ನೆತ್ತಿ ದಾಟಿ ಇಳಿಯತೊಡಗುವಷ್ಟರಲ್ಲಿ ಮಳೆ ಧೋ ಎಂದು ಸುರಿಯಿತು. ತಾಡಪಾಲಿನ ಹರಕಿನೊಳಗೆ ಸುಣ್ಣ ಚುಂಯ್ ಎಂದಿತು. ಬಿಳಿ ಹಬೆ ಎದ್ದಿತು. ಎತ್ತುಗಳು ಬೆದರಿ ಕುಣಿದವು.

"ಎತ್ತು ಬಿಚ್ಚು! ಎತ್ತು ಹೋದ್ರೆ ಮನೇನೇ ಮುಳುಗತ್ತೆ. ಮುದುಕ ಹೋದ್ರೆ ಒಂದು ತಟ್ಟೆ ಅನ್ನ ಉಳಿಯತ್ತೆ!"

ಎತ್ತು ಬಿಚ್ಚಿದರೆ ಗಾಡಿ ಮೂಗು ಕುಕ್ಕುತ್ತದೆ, ಕುದಿಯುವ ಸುಣ್ಣವೆಲ್ಲ ಮಾವನ ಮೇಲೆ.

"ಬಾಯ್ಮುಚ್ಕೊಂಡು ನನ್ನ ಕುತ್ತಿಗೆ ಹಿಡ್ಕೊಳಿ!"

ಮಾವನ ಮುಂದೆ ಅವಳು ದನಿಯೆತ್ತಿದ್ದು ಅದೇ ಮೊದಲು. ಅವರನ್ನು ಬೆನ್ನಿಗೇರಿಸಿಕೊಂಡು ಬಂಡೆಯ ಮರೆಗೆ ಇಳಿಸಿ ಓಡಿಬಂದಳು. ನೊಗದ ಹಗ್ಗದ ಗಂಟು ನೆನೆದು ಬಿಗಿದಿತ್ತು. ಹಲ್ಲಿನಿಂದ ಕಚ್ಚಿ ಎಳೆದಳು; ಸುಣ್ಣದ ಬಿಸಿನೀರು ತಾಗಿ ಅಂಗೈ ಚುರುಗುಟ್ಟಿತು. ಎತ್ತುಗಳು ಬಿಡಿಸಿಕೊಂಡು ಇಳಿಜಾರಿಗೆ ನುಗ್ಗಿದವು. ಗಾಡಿ ಮುಗ್ಗರಿಸಿ ಸುಣ್ಣ ರಸ್ತೆಯಂಚಿನ ಹಳ್ಳಕ್ಕೆ ಸುರಿಯಿತು. ಉಳಿದ ಸುಣ್ಣದ ಕಾವಿಗೆ ಗಾಡಿಯ ಹಲಗೆಗಳು ಮಳೆಯಲ್ಲೇ ಹೊತ್ತಿಕೊಂಡವು.

ಕೆಳಗೆ ಸುಣ್ಣಕ್ಕಾಗಿ ಕಾಯುತ್ತಿದ್ದ ರೈತರು ಹೊಗೆ ಕಂಡು, ಎತ್ತುಗಳನ್ನು ಹಿಡಿದುಕೊಂಡೇ ಮೇಲೆ ಬಂದರು. ಅವರ ಸುಣ್ಣ ಹಾಳಾಯಿತೆಂದು ಅವಳು ಕಣ್ಣೀರಿಟ್ಟು ತಲೆ ತಗ್ಗಿಸಿದಳು. ಎಲ್ಲರಿಗಿಂತ ಹಿರಿಯ ರೈತ ಹೆಂಗಸು ಹಳ್ಳಕ್ಕೆ ಇಣುಕಿದಳು. ಸುಣ್ಣದ ಕಲ್ಲುಗಳು ಅರಳಿ ಪುಡಿಯಾಗುತ್ತಿದ್ದವು.

"ಅಳ್ಬೇಡ ಕಣೇ. ಹೊಲಕ್ಕೆ ಹಾಕೋ ಮುಂಚೆ ಹೇಗಿದ್ರೂ ನಾವೂ ನೀರು ಹಾಕಿ ಅರಳಿಸ್ತಿದ್ವಿ. ಏಯ್, ಕೊಚ್ಚಿ ಹೋಗೋ ಮುಂಚೆ ಬುಟ್ಟಿ ತನ್ನಿ!"

ಅರ್ಧದಷ್ಟಾದರೂ ದಕ್ಕಿತು. ಮಾವನನ್ನು ಸುಡದೆ ಉಳಿದ ಹಲಗೆಯ ಮೇಲೆ ಮಲಗಿಸಿ ಇಬ್ಬರು ಮನೆಯತ್ತ ಹೊತ್ತರು. ದಾರಿಯುದ್ದಕ್ಕೂ ಮಾವ ಸೊಸೆಯ ಸುಟ್ಟ ಕೈಯನ್ನೇ ನೋಡುತ್ತಿದ್ದರು. ಅವಳ ಕಣ್ಣು ಮಾತ್ರ ದೂರದಲ್ಲಿ ಹೊಗೆಯಾಡುತ್ತಿದ್ದ ತಮ್ಮ ಸುಣ್ಣದ ಗೂಡಿನ ಮೇಲಿತ್ತು. ಅದರೊಳಗೆ ಇನ್ನೊಂದು ಸುತ್ತಿನ ಕಲ್ಲು ಬೇಯುತ್ತಿತ್ತು. ಒಯ್ಯಲು ಗಾಡಿಯಿರಲಿಲ್ಲ, ಪಡುವಣದಲ್ಲಿ ಮತ್ತೆ ಮೋಡ ಕಟ್ಟುತ್ತಿತ್ತು.