ಸ್ನಾನದ ತೊಟ್ಟಿಯಲ್ಲಿ ಅತ್ತೆ

ಥರ್ಮಾಮೀಟರಿನಲ್ಲಿ ಹದಿನಾಲ್ಕು ಡಿಗ್ರಿ, ಅಲ್ಲ, ಹದಿನಾಲ್ಕಕ್ಕೆ ಒಂದು ಗೆರೆ ಕಮ್ಮಿ, ನನ್ನ ಉಸಿರೇ ಕನ್ನಡಕಕ್ಕೆ ಹತ್ತಿ ಮಸುಕಾಗುತ್ತಿದೆ, ಏಪ್ರನ್ನಿನ ತುದಿಯಿಂದ ಒರೆಸಿ ನೋಡಿದರೆ ಹೌದು, ಒಂದು ಗೆರೆ ಕಮ್ಮಿ, ಒಂದು ಚೊಂಬು ಬಿಸಿನೀರು ಸಾಕು, ಆ ಮೂಲೆಯಿಂದ, ಮೆಲ್ಲಗೆ, ಮೈಗೆ ತಾಗದ ಹಾಗೆ — ಸುಡಲಿಲ್ಲ ತಾನೇ ಅತ್ತೆ, ಅತ್ತೆ ಮಾತಾಡುವುದಿಲ್ಲ, ಅತ್ತೆ ಮೀನು, ಮೂವತ್ತು ವರ್ಷದ ಬಿಳಿ ಕೊಯ್ ಮೀನು, ಕೊಳದಲ್ಲಿ ಚೆಂದಕ್ಕೆ ಸಾಕುವ ಗೆಂಡೆ, ಒಂದೂವರೆ ಮೊಳ ಉದ್ದ, ಮೈಯೆಲ್ಲ ಅನ್ನದ ಬಿಳಿ, ನೆತ್ತಿಯ ಮೇಲೆ ಮಾತ್ರ ದುಂಡಗೆ ಒಂದು ಕೆಂಪು ಬೊಟ್ಟು, ಮೂರು ದಿನದಿಂದ ನಮ್ಮ ಸ್ನಾನದ ತೊಟ್ಟಿಯಲ್ಲಿ ಒಂದು ಪಕ್ಕಕ್ಕೆ ವಾಲಿಕೊಂಡು ನಿಂತಿದ್ದಾರೆ, ವಾಲಿರುವುದರಿಂದ ಬೊಟ್ಟು ನಡುವೆ ಇಲ್ಲ, ಬುತ್ತಿಯ ಡಬ್ಬಿ ಅಲ್ಲಾಡಿ ಅನ್ನದ ಮಧ್ಯದ ಉಪ್ಪಿನ ಪ್ಲಮ್ ಹಣ್ಣು ಅಂಚಿಗೆ ಜಾರಿದಂತಿದೆ, ಅನ್ನ, ಪ್ಲಮ್, ಅದೇ ತಾನೇ ನಾನು ಮಾಡಿದ ತಪ್ಪು, ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ, ಇಲ್ಲಿ ಮಾಡಿದ್ದು ನಾನು, ಉಂಡದ್ದು ಇವರು. ಈಗ ಒಂಬತ್ತೂವರೆ. ಮಾವನನ್ನು ಆಸ್ಪತ್ರೆಯಿಂದ ಕರೆತರಲು ನನ್ನ ಗಂಡ ಮೊರಿಯೊ ಏಳಕ್ಕೇ ಕಾರು ತೆಗೆದುಕೊಂಡು ಹೋಗಿದ್ದಾರೆ, ಹನ್ನೊಂದಕ್ಕೆ ಇಲ್ಲಿರುತ್ತಾರೆ, ಅಷ್ಟರೊಳಗೆ ಅತ್ತೆ ನೆಟ್ಟಗಾಗಬೇಕು.

ಅತ್ತೆ ಎಂದು ಹೆಸರಿಟ್ಟದ್ದು ನಾನಲ್ಲ, ಪಕ್ಕದ ಮನೆ ಹಾತ್ಸು ಅಜ್ಜಿ, ಇಪ್ಪತ್ತೊಂಬತ್ತು ವರ್ಷದ ಹಿಂದೆ ನಾನು ಮದುವೆಯಾಗಿ ಈ ಗುಡ್ಡದ ಹಳ್ಳಿಗೆ ಬಂದಾಗ ಎದೆಮಟ್ಟ ಹಿಮ, ಅತ್ತೆಯಿಲ್ಲದ ಮನೆ ಸಿಕ್ಕಿತು ನೋಡಿ ಅಂತ ನಾನು ನಗುತ್ತಿದ್ದರೆ ಹಾತ್ಸು ಅಜ್ಜಿ ಹಲ್ಲಿಲ್ಲದ ಬಾಯಿಯಲ್ಲಿ, ಯಾರು ಹೇಳಿದ್ದು ಇಲ್ಲ ಅಂತ, ಅಗೋ ಕೊಳದಲ್ಲಿದಾಳೆ ನಿಮ್ಮತ್ತೆ, ನಿನಗಿಂತ ಒಂದು ವರ್ಷ ಮುಂಚೆ ಬಂದೋಳು, ನಿಮ್ಮ ಮಾವ ಕಾಂಜಿರೊ ಊಟಕ್ಕೆ ಮುಂಚೆ ಅವಳ ಮುಖ ನೋಡ್ತಾನೆ, ನಿನ್ನ ಮುಖ ಆಮೇಲೆ, ತಿಳ್ಕೊ. ತಿಳಿದುಕೊಂಡೆ, ಆದರೆ ಅಷ್ಟರಲ್ಲಿ ಎಡವಟ್ಟು ಆಗಿಹೋಗಿತ್ತು, ಹಿಂದಿನ ದಿನವೇ, ಮೊದಲ ರಾತ್ರಿಯೂಟಕ್ಕೆ ಕೂತಾಗ, ನಾನು ದಕ್ಷಿಣದ ಸಾಗಾದವಳು, ನಮ್ಮಮ್ಮನದು ಊಟದಂಗಡಿ, ಗೆಂಡೆ ಮೀನನ್ನು ತೆಳ್ಳಗೆ ಹೆಚ್ಚಿ ಐಸ್ ನೀರಿನಲ್ಲಿ ಅದ್ದಿ ಹುಳಿ ಮಿಸೊ ಗೊಜ್ಜು ಹಚ್ಚಿ ತಿನ್ನುವ ಊರು, ಕಿಟಕಿಯಾಚೆ ಆ ಬಿಳಿ ಮರಿಯನ್ನು ನೋಡಿ ವಿನಯದಿಂದಲೇ ಕೇಳಿದೆ, ಮಾವ, ಇದನ್ನ ಯಾವಾಗ ತಿನ್ನೋದು. ಮಾವನ ಊಟದ ಕಡ್ಡಿಯಿಂದ ಮೂಲಂಗಿ ಚೂರು ಜಾರಿ ಸಾರಿನೊಳಗೆ ಬಿತ್ತು, ಮೊರಿಯೊ ನನ್ನ ಮಂಡಿಯನ್ನು ಮೇಜಿನಡಿ ಚಿವುಟಿದರು, ಅಂದಿನಿಂದ ಇಂದಿನವರೆಗೆ ನೆಂಟರು ಬಂದಾಗಲೆಲ್ಲ ಮಾವ ಅದನ್ನೇ ಹೇಳುತ್ತಾರೆ, ಇವಳು ನಮ್ಮ ಸೊಸೆ ಶಿನೊ, ಮೀನು ತಿನ್ನೋ ದೇಶದೋಳು, ಕೊಳದ ಹತ್ರ ಒಬ್ಬಳನ್ನೇ ಬಿಡಬೇಡಿ. ನೆಂಟರು ನಗುತ್ತಾರೆ, ನಾನೂ ನಗುತ್ತೇನೆ, ಇಪ್ಪತ್ತೊಂಬತ್ತು ವರ್ಷ ಒಂದೇ ಜೋಕಿಗೆ ನಗುವುದು ಸಣ್ಣ ಕೆಲಸವಲ್ಲ.

ಅಂಥ ನನ್ನನ್ನೇ ಒಬ್ಬಳನ್ನೇ ಬಿಟ್ಟು ಹೋದರಲ್ಲ ಮಾವ ಈ ಸಲ, ಡಿಸೆಂಬರಿನಲ್ಲಿ ಕೊಳದಂಚಿನ ಹಿಮ ತೋಡುತ್ತ ಜಾರಿ ಸೊಂಟದ ಕೆಳಗೆ ಮೂಳೆ ಮುರಿದುಕೊಂಡರು, ಎಂಬತ್ತೊಂದು ವರ್ಷ, ಆಂಬುಲೆನ್ಸಿನವರು ಸ್ಟ್ರೆಚರಿಗೆ ಬೆಲ್ಟು ಕಟ್ಟುತ್ತಿದ್ದಾಗಲೂ ನೋವು ಅನ್ನಲಿಲ್ಲ, ನನ್ನ ತೋಳು ಹಿಡಿದು, ಸೊಸೆ, ಹಿಮ ಕರಗೋವರೆಗೆ ತಿನ್ನೋಕೆ ಏನೂ ಹಾಕಬೇಡ, ಐಸ್ ಕಟ್ಟಿದ್ರೆ ಸುತ್ತಿಗೇಲಿ ಹೊಡೀಬೇಡ, ಆ ಪೆಟ್ಟು ಅವಳ ತಲೆಗೇ ಬಿದ್ದಂಗೆ, ಬಿಸಿ ಪಾತ್ರೆ ಮೇಲಿಟ್ಟು ಕರಗಿಸು, ಬುಗ್ಗೆ ನೀರು ನಿಲ್ಲದಂಗೆ ನೋಡ್ಕೊ, ಅಷ್ಟೆ, ಚಳಿಗಾಲದಲ್ಲಿ ಏನೂ ಮಾಡದೇ ಇರೋದೇ ಕೆಲಸ, ಆಗುತ್ತಾ ನಿನ್ನ ಕೈಲಿ. ಆಗುತ್ತೆ ಮಾವ ಅಂದೆ. ಹೇಳಿದಷ್ಟು ಸುಲಭವಲ್ಲ ಅದು, ಇಪ್ಪತ್ತೆರಡು ವರ್ಷ ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದ ಕೈ ಇದು, ಬಾಯಿ ತೆರೆದವರಿಗೆ ಇಲ್ಲ ಅನ್ನಬೇಡ ಅಂತ ಅಮ್ಮ ಹೇಳಿ ಬೆಳೆಸಿದ ಕೈ, ಆದರೂ ನಲವತ್ತು ದಿನ ಏನೂ ಮಾಡಲಿಲ್ಲ, ದಿನಾ ಬೆಳಿಗ್ಗೆ ಹೋಗಿ ನೋಡುವುದು, ಸೂರಿನ ಹಿಮ ದೊಪ್ಪೆಂದು ಕೊಳಕ್ಕೆ ಬಿದ್ದು ಕರಗುವುದು, ಬಂಗಾರದ ಬಣ್ಣದ ನಾಲ್ಕು ಪುಟಾಣಿ ಮೀನು ಹೇಳಿದ ಮಾತು ಕೇಳುವ ಮಕ್ಕಳಂತೆ ಕಲ್ಲಿನ ಸಂದಿಯಲ್ಲಿ ಮಲಗಿರುವುದು, ತಳದಲ್ಲಿ ಅತ್ತೆ, ಆಳದಲ್ಲಿ ಆ ಕೆಂಪು ಬೊಟ್ಟು, ಇದೆ, ಸರಿ, ಒಳಗೆ ಬಂದು ಚಹಾ ಕುಡಿಯುವುದು. ನಲವತ್ತೊಂದನೆಯ ದಿನ ಬಿಸಿಲು ಬಂತು. ಜನವರಿ ಕೊನೆಯಲ್ಲಿ ಅಂಥ ಬಿಸಿಲು ನಮ್ಮಲ್ಲಿ ಬರಲೇಬಾರದು, ಸೂರಿನ ಹಿಮಗೋಲುಗಳು ತೊಟ್ಟಿಕ್ಕುತ್ತಿದ್ದವು, ನಾನು ಕೊಳದ ಕಟ್ಟೆಯ ಮೇಲೆ ಕೂತು ಬೆನ್ನು ಕಾಯಿಸಿಕೊಳ್ಳುತ್ತ ಅನ್ನದುಂಡೆ ತಿನ್ನುತ್ತಿದ್ದೆ, ಕಚ್ಚಿದ ಜಾಗದಲ್ಲಿ ಪ್ಲಮ್ ಕೆಂಪಗೆ ಇಣುಕುತ್ತಿತ್ತು, ಅತ್ತೆ ತಳದಿಂದ ಎದ್ದು ಬಂದರು, ಯಾವ ಅವಸರವೂ ಇಲ್ಲದೆ, ನನ್ನ ಕೈಯಲ್ಲಿ ಬಿಳಿಯ ಮೇಲೆ ಕೆಂಪು, ನೀರಿನಲ್ಲಿ ಬಿಳಿಯ ಮೇಲೆ ಕೆಂಪು, ಬಾಯಿ ತೆರೆದರು. ನಾನೇನು ಮಾಡಲಿ, ಉಳಿದ ಅರ್ಧ ಉಂಡೆ ಹೋಯಿತು, ಪ್ಲಮ್ ಮಾತ್ರ ನಾನು ತಿಂದೆ.

ತಣ್ಣೀರಿನಲ್ಲಿ ಮೀನಿನ ಹೊಟ್ಟೆ ಕೆಲಸ ನಿಲ್ಲಿಸಿರುತ್ತದೆ, ಹೋದ ಅನ್ನ ಅಲ್ಲೇ ಕೂತು ಕೊಳೆಯುತ್ತದೆ, ಅದು ನನಗೆ ಗೊತ್ತಿಲ್ಲದ್ದಲ್ಲ, ಈ ಹಳ್ಳಿಯಲ್ಲಿ ಐದು ವರ್ಷದ ಮಗುವಿಗೂ ಗೊತ್ತು, ಮಾರನೆಯ ದಿನವೇ ಮತ್ತೆ ಹಿಮ, ಎರಡು ದಿನ ಬಿಟ್ಟು ನೋಡಿದರೆ ತಳದ ಬೊಟ್ಟು ಓರೆಯಾಗಿದೆ, ಮೊರಿಯೊ ಬಲೆ ಹಾಕಿದರು, ನಾನು ಮಡಿಲಲ್ಲಿ ಪ್ಲಾಸ್ಟಿಕ್ ಹಾಸಿಕೊಂಡು ಎತ್ತಿದೆ, ಎಂಟು ಕೆಜಿ ಇರಬಹುದು, ಮೊದಲು ಕೊಳದ ನೀರನ್ನೇ ತೊಟ್ಟಿಗೆ ತುಂಬಿ, ಉಪ್ಪು ಹಾಕಿ, ಗಾಳಿಯ ಪಂಪು ಬಿಟ್ಟು, ಆರು ಗಂಟೆಗೊಮ್ಮೆ ಒಂದೊಂದು ಡಿಗ್ರಿ ಬೆಚ್ಚಗೆ ಮಾಡುವುದು, ನೀರು ಬಿಸಿಯಾದರೆ ಹೊಟ್ಟೆ ಎಚ್ಚರಾದೀತು, ಒಳಗಿದ್ದದ್ದು ಹೊರಗೆ ಹೋದೀತು, ಹಾರಿ ಬೀಳದಂತೆ ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಉಪ್ಪಿನಕಾಯಿ ಮರಿಗೆಯ ಕಲ್ಲು. ಮೊರಿಯೊಗೆ ಇದೇ ಸಂಕಟ, ಹಗಲೆಲ್ಲ ಹಿಮ ತೋಡಿ ಬಂದ ಗಂಡಸಿಗೆ ಬಿಸಿನೀರಿಲ್ಲ, ಟವೆಲು ಹೆಗಲಿಗೆ ಹಾಕಿಕೊಂಡು ಹಾತ್ಸು ಅಜ್ಜಿಯ ಮನೆಗೆ ಹೋಗಿ ಸ್ನಾನ ಮಾಡಿ ಬರುತ್ತಾರೆ, ಅಜ್ಜಿ ಅಲ್ಲಿಂದಲೇ ಕೂಗುತ್ತಾಳೆ, ಏನು ಶಿನೊ, ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಿದ್ದೆ, ನಿಮ್ಮನೇಲಿ ಎರಡೂ ಕಾಲ ಅತ್ತೇದೇ ಆಯ್ತಲ್ಲ. ನಗು ಬಂತು, ನಿಜವಾಗಿ ಬಂತು, ಆದರೆ ಒಳಗೆ ಬಂದು ಕಲ್ಲೆತ್ತಿ ಮುಚ್ಚಳ ಸರಿಸಿದರೆ ಮತ್ತೆ ಓರೆ, ಮತ್ತೆ ಅಂಚಿನಲ್ಲಿ ಕೆಂಪು, ಭೂಕಂಪದ ವರ್ಷ ಎಲ್ಲರೂ ಕಂಬಳಿ ಕಾಗದಪತ್ರ ಹಿಡಿದು ಓಡಿದರೆ ಮಾವ ಇವರನ್ನು ನೀರು ತುಂಬಿದ ಚೀಲದಲ್ಲಿ ಮಡಿಲಲ್ಲಿಟ್ಟುಕೊಂಡು ಕೂತಿದ್ದರು, ಆ ಮಡಿಲಿಗೆ ನಾನು ಏನಂತ ಹೇಳಲಿ. ಫೋನಿನಲ್ಲಿ ಹೇಳೋಣ ಎಂದರೆ ನಿನ್ನೆ ಅವರದೇ ಮಾತು ಮುಗಿಯಲಿಲ್ಲ, ಸೊಸೆ, ಇಲ್ಲಿ ಒದ್ದೆ ಬಟ್ಟೇಲಿ ಒರೆಸ್ತಾರೆ ಅಷ್ಟೇ, ನಲವತ್ತಾರು ದಿನ ಆಯ್ತು ನೀರಿಗಿಳಿದು, ಸ್ನಾನದ ನೀರು ಕಾಯಿಸಿಟ್ಟಿರು, ಬಂದ ತಕ್ಷಣ ಕತ್ತಿನವರೆಗೆ ಮುಳುಗಬೇಕು. ಆಯ್ತು ಮಾವ ಅಂದೆ.

ಹತ್ತೂಮುಕ್ಕಾಲಿಗೇ ಹಿಮದಲ್ಲಿ ಜಾರದಂತೆ ಕಾರಿನ ಚಕ್ರಕ್ಕೆ ಕಟ್ಟಿದ ಸರಪಳಿಯ ಸದ್ದು, ತಿರುವಿನಲ್ಲಿ, ಈಗ ಅಂಗಳದಲ್ಲಿ, ಬಾಗಿಲು, ಕೋಲಿನ ಟಕ್ ಟಕ್, ಬಂದ್ರಾ ಮಾವ, ಬಂದೆ ಬಂದೆ, ನೀರು ಕಾದಿದೆಯಾ, ಕೋಟನ್ನು ಬಿಚ್ಚುತ್ತಲೇ ಈ ಕಡೆಗೇ ಬರುತ್ತಿದ್ದಾರೆ, ಮೊರಿಯೊ ಹಿಂದಿನಿಂದ ಅಪ್ಪಾ ಮೊದಲು ಚಹಾ ಕುಡಿ ಅನ್ನುತ್ತಿದ್ದಾರೆ, ಚಹಾ ನೀನು ಕುಡಿ, ಸ್ನಾನದ ಕೋಣೆಯ ಬಾಗಿಲು ಸರಿಯಿತು, ನಾನು ತೊಟ್ಟಿಯ ಮುಂದೆ ಅಡ್ಡ ನಿಂತಿದ್ದೇನೆ, ಐವತ್ತೈದು ವರ್ಷದ ಹೆಂಗಸು ಏಪ್ರನ್ ಅಗಲಿಸಿ ನಿಂತರೆ ತೊಟ್ಟಿ ಮುಚ್ಚುತ್ತದೆಯೇ. ಮಾವನಿಗೆ ತೊಟ್ಟಿ ಕಂಡೇಬಿಟ್ಟಿತು. ಪಂಪು ಗುಳುಗುಳು ಅನ್ನುತ್ತಿದೆ, ನಾನೇ ಮಾವ, ನಾನೇ ಹಾಕಿದೆ, ಅರ್ಧ ಅನ್ನದುಂಡೆ, ಬಿಸಿಲಿತ್ತು, ಬಾಯಿ ತೆರೆದರು, ಮೊರಿಯೊದು ಏನೂ ತಪ್ಪಿಲ್ಲ, ಇನ್ನೂ ಏನೇನೋ ಬಂತು ಬಾಯಿಗೆ, ಅತ್ತುಬಿಟ್ಟೆ, ಮೂಗು ಸೋರುತ್ತಿದೆ. ಮಾವ ಕೋಲನ್ನು ಗೋಡೆಗೊರಗಿಸಿ, ಗೋಡೆ ಹಿಡಿದು, ಸ್ನಾನದ ಮಣೆಯ ಮೇಲೆ ನಿಧಾನ ಕೂತರು, ಅಂಚಿನಿಂದ ಬಾಗಿ ಬಹಳ ಹೊತ್ತು ನೋಡಿದರು, ಬೈಯಲಿ, ಜೋಕನ್ನೇ ಹೇಳಲಿ, ಕೊನೆಗೂ ಮುಗಿಸಿದಳು ಅನ್ನಲಿ, ಸುಮ್ಮನಿರುವುದು ಬೇಡ ಅಂದುಕೊಂಡೆ. ಹೊರಗೆ ಹೋಯ್ತಾ, ಅಂದರು. ಏನು ಮಾವ. ಅನ್ನ. ಇನ್ನೂ ಇಲ್ಲ. ಹೂಂ, ಅಂದರು, ನನಗೂ ಆಪರೇಷನ್ ಆದ್ಮೇಲೆ ಐದು ದಿನ ಆಗ್ಲಿಲ್ಲ, ಆ ನರ್ಸ್ ಹುಡುಗಿ ದಿನಾ ಬಂದು ವಾರ್ಡಿಗೆಲ್ಲ ಕೇಳೋ ಹಾಗೆ, ತಾತ, ಆಯ್ತಾ ತಾತ, ಮರ್ಯಾದೆ ಎಲ್ಲ ಹೋಯ್ತು, ಬಲವಂತ ಮಾಡಿದ್ರೆ ಆಗೋದಲ್ಲ ಅದು, ಆಮೇಲೆ ನೀರಿನ ಹತ್ತಿರ ಮುಖ ತಂದು, ಇಪ್ಪತ್ತೊಂಬತ್ತು ವರ್ಷದಲ್ಲಿ ನನ್ನೊಡನೆ ಒಮ್ಮೆಯೂ ಆಡದ ಮೆತ್ತನೆಯ ದನಿಯಲ್ಲಿ, ಆಯ್ತಾ, ಅಂತ ಅತ್ತೆಯನ್ನೇ ಕೇಳಿದರು. ಮೊರಿಯೊ ನಕ್ಕುಬಿಟ್ಟರು, ನಾನು ಮೂಗೊರೆಸಿಕೊಂಡೆ.

ಇನ್ನೇನು ಮಾಡೋದು ಮಾವ. ಏನೂ ಮಾಡಬೇಡ, ಮಾಡೋದೆಲ್ಲ ಸರಿಯಾಗೇ ಮಾಡಿದೀಯ, ಕೂತ್ಕೊ. ಕೂತೆವು, ಮಾವ ಮಣೆಯ ಮೇಲೆ, ನಾನು ಮಗುಚಿದ ಬಕೆಟ್ಟಿನ ಮೇಲೆ, ಮೊರಿಯೊ ಹೊಸ್ತಿಲಲ್ಲಿ, ಆ ಪುಟ್ಟ ಕೋಣೆಯಲ್ಲಿ ಮೂರು ಜನ ಒಂದು ಮೀನಿನ ಹಿಂಭಾಗವನ್ನೇ ನೋಡುತ್ತ, ಸೂರಿನಿಂದ ಒಮ್ಮೆ ಹಿಮ ಬಿತ್ತು, ದೊಪ್, ಇನ್ನೊಮ್ಮೆ, ಈ ಮನೇಲಿ ನನಗಿಂತ ಮುಂಚೆ ಯಾರೂ ತೊಟ್ಟಿಗಿಳಿದಿರಲಿಲ್ಲ ಅಂತ ಮಾವ ಗೊಣಗಿದರು, ಹಿರಿಯರಿಗೆ ಮೊದಲು ಅಂತ ನೀವೇ ಹೇಳ್ತೀರಲ್ಲ ಅಂದೆ, ಬಾಯಿ ಬಂತು ನೋಡು ಇವಳಿಗೆ ಅಂದರು, ಆಗಲೇ, ಏ, ಅಂತ ಮೊರಿಯೊ ಬೆರಳು ತೋರಿಸಿದರು, ಬಿಳಿ ದಾರ, ಗೇಣುದ್ದ, ಇನ್ನೂ ಬರುತ್ತಿದೆ, ಬಾಲದ ಹಿಂದೆ ತೇಲುತ್ತ, ಕಡಿದು ಕೆಳಗಿಳಿಯಿತು, ಮತ್ತೊಂದು, ನನ್ನ ಜೀವನದಲ್ಲಿ ಯಾರ ಮಲವನ್ನೂ ನಾನು ಇಷ್ಟು ಪ್ರೀತಿಯಿಂದ ನೋಡಿಲ್ಲ, ಅತ್ತೆ ಒಮ್ಮೆ ಮೈ ಕೊಡವಿದರು, ಎದೆಯ ರೆಕ್ಕೆ ಬಿಚ್ಚಿದರು, ಅರ್ಧ ಗಂಟೆಯೋ ಒಂದು ಗಂಟೆಯೋ, ಗೊತ್ತಿಲ್ಲ, ನಿಧಾನ, ನಿಧಾನ, ಬೊಟ್ಟು ಅಂಚಿನಿಂದ ಮೇಲಕ್ಕೆ ಹತ್ತುತ್ತ ಬಂತು, ನೆಟ್ಟಗಾದರು. ಮಾವ ಕಣ್ಣೊರೆಸಿಕೊಂಡು ಉಪ್ಪುನೀರು ಸಿಡಿಯಿತು ಅಂದರು. ನೀರೇನೂ ಸಿಡಿದಿರಲಿಲ್ಲ. ಹಸಿವಾಗ್ತಿದೆ ಸೊಸೆ, ಆಸ್ಪತ್ರೆ ಗಂಜಿ ಕುಡಿದು ಕುಡಿದು ನಾಲಿಗೆ ಸತ್ತಿದೆ, ಒಂದು ಅನ್ನದುಂಡೆ ಮಾಡ್ಕೊಡು, ಪ್ಲಮ್ ಇಡು, ಇಲ್ಲೇ ತಿಂತೀನಿ. ಓಡಿದೆ, ಅಂಗೈಗೆ ನೀರು, ಉಪ್ಪು, ಬಿಸಿ ಅನ್ನ, ನಡುವೆ ಪ್ಲಮ್, ಒತ್ತಿ ಒತ್ತಿ ತಂದುಕೊಟ್ಟೆ, ಮಾವ ಒಂದು ಕಡಿ ಕಡಿದರು, ಕಣ್ಣು ಮುಚ್ಚಿ ಅಗಿದರು, ಹಾಂ, ಅಂದರು, ಕೆಳಗೆ ನೀರು ಅಲುಗಿತು, ಅತ್ತೆ ಮೇಲೆ ಬಂದಿದ್ದಾರೆ, ನೇರ ಮಾವನ ಮುಖದ ಕೆಳಗೆ, ಬಾಯಿ ತೆರೆದರು, ಮುಚ್ಚಿದರು, ತೆರೆದರು, ಮಾವ ಅಗಿಯುವುದನ್ನು ನಿಲ್ಲಿಸಿದರು, ಬೇಡ ಮಾವ, ಅಂದೆ, ಗೊತ್ತು ಕಣೇ, ನನಗೇ ಹೇಳಿಕೊಡ್ತೀಯಾ, ಅಂದರು, ಅಂದರೇ ಹೊರತು ಕೈ ಹಿಂದೆ ಬರಲಿಲ್ಲ, ಇನ್ನೂ ಕೆಳಗಿಳಿಯಿತು, ಏನೂ ಮಾಡಬೇಡಿ ಮಾವ, ಏನೂ ಮಾಡದೇ ಇರೋದೇ, ಹೂಂ, ಗೊತ್ತು, ಗೊತ್ತು — ಮೇಲೆ ಕೈಯಲ್ಲಿ ಬಿಳಿ ಅನ್ನ, ನಡುವೆ ಕೆಂಪು, ಕೆಳಗೆ ನೀರಿನಲ್ಲಿ ಬಿಳಿ ಮೈ, ನಟ್ಟನಡುವೆ ಕೆಂಪು, ಎರಡರ ಮಧ್ಯೆ ಒಂದು ಗೇಣು, ಬಾಯಿ ತೆರೆದಿದೆ, ಮಾವನ ಕೈ ಅಲ್ಲೇ ನಿಂತಿದೆ, ಕೆಂಪು, ಕೆಂಪು