ಚಲುವಯ್ಯನ ಮುಂಬಲ್ಲು ಮತ್ತು ನಿಶ್ವಾಸ ಗಮಕ

ತೊಣ್ಣೂರಿನ ಓಲಗದ ಚಲುವಯ್ಯನಿಗೆ ತನ್ನ ಹಲ್ಲುಗಳ ಮೇಲೆ ಅಪಾರ ಗೌರವ. ಎಷ್ಟೆಂದರೆ, ಅವನ್ನು ಮುಟ್ಟುತ್ತಲೇ ಇರಲಿಲ್ಲ. ಬೇವಿನ ಕಡ್ಡಿ ಜಗಿದರೆ ನಾದ ಕಹಿಯಾಗುತ್ತದೆ, ಇದ್ದಿಲು ಉಜ್ಜಿದರೆ ಸ್ವರ ಕಪ್ಪಾಗುತ್ತದೆ ಎಂಬುದು ಅವನ ಸಿದ್ಧಾಂತ. ಹೊಗೆಸೊಪ್ಪು ಮಾತ್ರ ಉಸಿರಿಗೆ ಬಲವೆಂದು ಕೆನ್ನೆಯೊಳಗೆ ಕಾಯಂ ಆಗಿ ನೆಲೆಸಿತ್ತು.

ಶ್ರೀರಂಗಪಟ್ಟಣದ ಕೋಟೆಯ ಮೇಲೆ ಗುಂಡು ಬಿದ್ದು ಮೂರ್ನಾಲ್ಕು ವರ್ಷವಾಗಿತ್ತು. ಕೋಟೆಯೊಳಗಿನ ಜವಳಿ ಸಾಹುಕಾರರು ಮಗಳ ಮದುವೆಗೆ ಚಲುವಯ್ಯನನ್ನು ಕರೆಸಿದರು. ಮೆಚ್ಚುಗೆಯಾದರೆ ಮನೆಯ ಓಲಗದವನಾಗಿ ಅಲ್ಲೇ ಇಟ್ಟುಕೊಳ್ಳುತ್ತಾರಂತೆ. ಆ ಸುದ್ದಿ ಬಂದದ್ದೇ ತಡ, ಮೇಲಿನ ಮುಂಬಲ್ಲೊಂದು ಜೀವ ಹೋಗುವ ಹಾಗೆ ನೋಯತೊಡಗಿತು.

“ಕಿತ್ತಾಕ್ಸಿ ಬುಸಾಡ್ಬಾರ್ದಾ? ಅದೇನು ಅರಮನೆ ಕಂಬ್ವಾ?” ಅಂದಳು ಹೆಂಡತಿ ಬೆಟ್ಟಮ್ಮ.

“ಆ ಹಲ್ಲಿನ್ ಮೇಲೇ ನನ್ ರಾಗ ನಿಂತಿರೋದು ಕಣೇ! ನಿಂಗೇನ್ ಗೊತ್ತು?”

ಹಲ್ಲಿನ ಹುಳು ಸಾಯಬೇಕಾದರೆ ಕಾಡುಬದನೆಯ ಜಾತಿಯ ಗುಳ್ಳದ ಬೀಜವನ್ನು ಕೆಂಡಕ್ಕೆ ಹಾಕಿ, ಕೊಳವೆಯಲ್ಲಿ ಹೊಗೆ ಎಳೆಯಬೇಕೆಂದು ಪಕ್ಕದ ಮನೆಯ ಸೋಮಮ್ಮ ಹೇಳಿದಳು. ಊರಿನವರೆಲ್ಲ ಪರಂಗಿ ಎಲೆಯ ದಂಟಿನಲ್ಲಿ ಎಳೆಯುತ್ತಿದ್ದರು. ಅದು ವಿದ್ವಾಂಸನ ಬಾಯಿಗೆ ತಕ್ಕದ್ದೇ? ಚಲುವಯ್ಯ ತನ್ನ ನಾಗಸ್ವರದ ಅಗಲ ಬಾಯಿಯನ್ನೇ ಕೆಂಡದ ಮೇಲೆ ಹಿಡಿದು ಹೊಗೆ ಎಳೆದ. ಹುಳು ಸುಖವಾಗಿಯೇ ಇತ್ತು. ಚಲುವಯ್ಯನೇ ಕೆಮ್ಮಿ ಕೆಮ್ಮಿ ಅರ್ಧ ಸತ್ತ.

ಕೊನೆಗೆ ಮದುವೆಯ ಹಿಂದಿನ ದಿನ ಗಂಜಾಮಿನಲ್ಲಿ ಕುದುರೆ ಲಾಯದ ಖಾಸಿಂ ಸಾಬಿಯ ಮುಂದೆ ಬಾಯಿ ತೆರೆದು ಕೂತ. ಕುದುರೆಗಳ ಹಲ್ಲು ನೋಡುವುದು ಖಾಸಿಮನ ಕಸುಬು. ಬಿಡುವಿದ್ದರೆ ಮನುಷ್ಯರದ್ದೂ ನೋಡುತ್ತಿದ್ದ.

“ತೌಬಾ! ನಮ್ ಕುದ್ರೆಗೋಳು ಇಂಥ ಬಾಯಿ ಇಟ್ಕಂಡಿದ್ರೆ ನಾಚ್ಕೆಲೇ ಸತ್ತೋಗ್ತಿದ್ವು,” ಎಂದು ಇಕ್ಕಳ ಹಾಕಿ ಎಳೆದೇಬಿಟ್ಟ. “ಉಪ್ಪು ನೀರಲ್ಲಿ ಬಾಯಿ ಮುಕ್ಕಳ್ಸು. ಹೊಗೆಸೊಪ್ಪು ಬುಡು. ಇಲ್ದಿದ್ರೆ ಉಳಿದವ್ನೂ ತಂದು ನಂಗೇ ಕೊಡ್ತೀಯ.”

ಮರುದಿನ ಮದುವೆ ಚಪ್ಪರದಲ್ಲಿ ಬಾತುಕೊಂಡ ತುಟಿಗೆ ನಾಗಸ್ವರದ ಪೀಪಿ ಕಚ್ಚಿ ನಿಲ್ಲಲಿಲ್ಲ. ಹಲ್ಲಿನ ಸಂದಿಯಿಂದ ಗಾಳಿ ಪುಸ್ಸೆಂದು ಸೋರಿತು. ಗಾಂಧಾರಕ್ಕೆ ಹೊರಟ ಸ್ವರ ದಾರಿಯಲ್ಲೇ ಕುಸಿದು ಕೂತಿತು. ಡೋಲಿನವನು ಮುಖ ತಿರುಗಿಸಿಕೊಂಡ. ಹಿತ್ತಿಲ ಬಾಗಿಲು ಎಲ್ಲಿದೆಯೆಂದು ಚಲುವಯ್ಯ ಕಣ್ಣಲ್ಲೇ ಹುಡುಕತೊಡಗಿದ.

ಅಷ್ಟರಲ್ಲಿ ಸಾಹುಕಾರರ ಆಸ್ಥಾನದ ಶಾಸ್ತ್ರಿಗಳು ಕೈಯೆತ್ತಿದರು. “ಆಹಾ! ಗಾಂಧಾರವನ್ನು ಮುಟ್ಟಿಯೂ ಮುಟ್ಟದಂತೆ ಬಿಡುತ್ತಾನೆ ನೋಡಿ. ಇದು ನಿಶ್ವಾಸ ಗಮಕ! ಬಲ್ಲವರೇ ಬಲ್ಲರು.”

ತೂಕಡಿಸುತ್ತಿದ್ದ ಸಾಹುಕಾರರು ಎಚ್ಚೆತ್ತು, ತಾವೂ ಬಲ್ಲವರಾದರು. ಸಭೆಯೆಲ್ಲ ತಲೆದೂಗಿತು. ಅಂದೇ ಚಲುವಯ್ಯ ಮನೆಯ ಓಲಗದವನಾದ.

ಖಾಸಿಮನ ಇಕ್ಕಳದ ಭಯಕ್ಕೆ ಅವನು ಹೊಗೆಸೊಪ್ಪು ಬಿಟ್ಟ, ಬಾಯಿ ಮುಕ್ಕಳಿಸಿದ. ದಸರೆಯ ಹೊತ್ತಿಗೆ ವಸಡು ಮಾಗಿತು, ತುಟಿ ಹೊಸ ಹಿಡಿತ ಕಲಿಯಿತು. ಹಿಂದೆಂದೂ ಬಾರದಷ್ಟು ಶುದ್ಧವಾಗಿ ನಾದ ಬಂತು. ಊದುತ್ತ ಊದುತ್ತ ಅವನ ಕಣ್ಣೇ ತುಂಬಿತು.

ಸಾಹುಕಾರರು ಮಾತ್ರ ಹುಬ್ಬು ಗಂಟಿಕ್ಕಿದರು. “ಏನಯ್ಯಾ, ಈಚೆಗೆ ಬರೀ ರಾಗವೇ ಕೇಳಿಸ್ತಿದೆಯಲ್ಲ?”

ಅತ್ತ ನಿಶ್ವಾಸ ಗಮಕದ ಗುಟ್ಟು ಕಿತ್ತ ಹಲ್ಲಿನಲ್ಲಿದೆಯೆಂದು ಕೇಳಿ, ಖಾಸಿಮನ ಲಾಯದ ಮುಂದೆ ನಾಗಮಂಗಲ, ಸಂತೆಬಾಚಹಳ್ಳಿಗಳ ಓಲಗದವರು ಸಾಲುಗಟ್ಟಿದ್ದರು. “ಕಲ್ಲಂಗವೆ ಕಣ್ರಯ್ಯಾ ನಿಮ್ ಹಲ್ಲು, ಓಗ್ರಿ ಮನೆಗೆ!” ಎಂದು ಅವನು ಬೈದು ಅಟ್ಟಿದ. ನಾಗಮಂಗಲದವನೊಬ್ಬ ಬೇರೆ ಕಡೆ ಹೋಗಿ ಗಟ್ಟಿ ಹಲ್ಲುಗಳನ್ನು ಒಂದಲ್ಲ, ಎರಡು ಕೀಳಿಸಿಕೊಂಡು ಬಂದ. ಎರಡು ಪಟ್ಟು ವಿದ್ವತ್ತಿಗೆ ಎದುರುಂಟೇ? ಚಲುವಯ್ಯನ ಜಾಗ ಅವನಿಗಾಯಿತು.

ಚಲುವಯ್ಯ ತೊಣ್ಣೂರಿಗೆ ಮರಳಿದ. ಸಂಜೆ ಕೆರೆ ಏರಿಯ ಮೇಲೆ ಕೂತು ಕಲ್ಯಾಣಿ ಊದಿದ. ನೀರಿಗೆ ಬಂದಿದ್ದ ಬೆಟ್ಟಮ್ಮ ಕೊಡ ಇಳಿಸಿ, ಮುಗಿಯುವ ತನಕ ನಿಂತು ಕೇಳಿದಳು.

“ಸೆಂದಾಗೈತೆ,” ಅಂದಳು.

“ಪಟ್ಣದೋರ್ಗೆ ಇಡಿಸ್ನಿಲ್ಲ ಕಣೇ.”

“ನೀನು ಅಲ್ಲು ಕೀಳಿಸ್ಕಂಡೆ. ಅವ್ರು ಕಿವಿ ಕೀಳಿಸ್ಕಂಡವ್ರೇನೋ ಬುಡು.”